ಷೇರು ಖರೀದಿಯ ಹಕ್ಕುಪತ್ರ

ನಮ್ಮ ನಾಡಿನ ದನದ ಜಾತ್ರೆಗಳಲ್ಲಿ ಹಿಂದಿನಿಂದಲೂ ನಡೆದುಬಂದ ಪದ್ಧತಿಯೊಂದುಂಟು. ರೈತನೊಬ್ಬನಿಗೆ ಒಂದು ಜೊತೆ ಎತ್ತು ಮೆಚ್ಚಿಗೆಯಾಗುತ್ತದೆ. ಚೌಕಾಸಿ ನಡೆದು ಬೆಲೆ ಗೊತ್ತಾಗುತ್ತದೆ. ಆದರೆ ಪೂರ್ತಿ ಹಣ ಅವನ ಕೈಯಲ್ಲಿಲ್ಲ. ಆಗ ಅವನು ಮಾರುವವನಿಗೆ ಸ್ವಲ್ಪ ಹಣವನ್ನು ಮುಂಗಡವಾಗಿ ಕೊಟ್ಟು, ಎಂಟು ದಿನಗಳೊಳಗೆ ಉಳಿದ ಹಣವನ್ನು ತಂದು ಎತ್ತುಗಳನ್ನು ಹೊಡೆದುಕೊಂಡು ಹೋಗುವುದಾಗಿ ಮಾತು ಕೊಡುತ್ತಾನೆ. ಈ ಮುಂಗಡಕ್ಕೆ ಸಂಚಕಾರವೆಂದು ಹೆಸರು. ಈ ಎಂಟು ದಿನಗಳಲ್ಲಿ ಎತ್ತಿನ ಬೆಲೆ ಎಷ್ಟೇ ಏರಿದರೂ ಮಾರುವವನು ಮಾತು ತಪ್ಪುವಂತಿಲ್ಲ. ಕೊಳ್ಳುವವನು ಅವಧಿಯೊಳಗೆ ಬಾರದೆ ಹೋದರೆ ಸಂಚಕಾರದ ಹಣ ಮಾರುವವನಿಗೇ ಸಲ್ಲುತ್ತದೆ.

ಇಲ್ಲಿ ಸಂಚಕಾರ ಕೊಟ್ಟವನು ಕೊಂಡದ್ದಾದರೂ ಏನು? ಎತ್ತುಗಳನ್ನಂತೂ ಅಲ್ಲ, ಅವು ಇನ್ನೂ ಹಳೆಯ ಯಜಮಾನನ ಕೊಟ್ಟಿಗೆಯಲ್ಲಿಯೇ ಇವೆ. ಗೊತ್ತಾದ ಬೆಲೆಗೆ, ಗೊತ್ತಾದ ಅವಧಿಯೊಳಗೆ, ಎತ್ತುಗಳನ್ನು ಕೊಳ್ಳುವ ಹಕ್ಕನ್ನು ಅವನು ಪಡೆದಿದ್ದಾನೆ. ವಸ್ತುವಿಗೆ ಬೆಲೆಯಿರುವಂತೆ, ವಸ್ತುವನ್ನು ಕೊಳ್ಳುವ ಹಕ್ಕಿಗೂ ಬೆಲೆಯುಂಟು ಎಂಬ ವಿಚಾರ ನಮ್ಮ ಹಳ್ಳಿಗರಿಗೆ ಹೊಸದಲ್ಲ. ಇದೇ ವಿಚಾರವನ್ನು ಆಧುನಿಕ ವಾಣಿಜ್ಯ ಪ್ರಪಂಚ ವಿಸ್ತಾರವಾಗಿ ಬೆಳೆಸಿ ಬಳಸುತ್ತಿದೆ. ದೊಡ್ಡ ಕಂಪನಿಗಳು ತಮ್ಮ ಷೇರುಗಳ ವಿಷಯದಲ್ಲಿ ಹೊರಡಿಸುವ ಇಂಥ ಹಕ್ಕುಪತ್ರಕ್ಕೆ ಷೇರು ವಾರಂಟು ಎಂದು ಹೆಸರು. ವಾರಂಟು ಎಂದೊಡನೆ ಪೊಲೀಸರು ತರುವ ಬಂಧನದ ಆಜ್ಞೆ ನಮ್ಮ ನೆನಪಿಗೆ ಬರುವುದು ಸಹಜ. ಅಧಿಕಾರ ಕೊಡುವ ಪತ್ರ ಎಂಬುದೇ ಆ ಪದದ ಮೂಲಾರ್ಥ. ಪೊಲೀಸರ ವಾರಂಟು ಬಂಧಿಸುವ ಅಧಿಕಾರವನ್ನು ಕೊಟ್ಟರೆ, ಕಂಪನಿಯ ವಾರಂಟು ಷೇರು ಕೊಳ್ಳುವ ಅಧಿಕಾರವನ್ನು ಕೊಡುತ್ತದೆ.

ವಾರಂಟಿನ ಸ್ವರೂಪವನ್ನು ತಿಳಿಯುವ ಮೊದಲು, ಕಂಪನಿಯೊಂದು ಬಂಡವಾಳವನ್ನು ಹೇಗೆ ಕೂಡಿಸುತ್ತದೆ ಎಂಬುದನ್ನು ನೋಡೋಣ. ಕಾರ್ಖಾನೆ ಕಟ್ಟಲು, ಯಂತ್ರ ಕೊಳ್ಳಲು, ಕಚ್ಚಾ ಸಾಮಗ್ರಿ ತರಲು ಹಣ ಬೇಕು. ಈ ಹಣಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಷೇರುಗಳನ್ನು ಮಾರುವುದು ಮೊದಲನೆಯದು. ಷೇರು ಕೊಂಡವನು ಕಂಪನಿಯ ಒಡೆತನದಲ್ಲಿ ಪಾಲುಗಾರನಾಗುತ್ತಾನೆ. ಲಾಭ ಬಂದರೆ ಅವನಿಗೆ ಲಾಭಾಂಶ ದೊರೆಯಬಹುದು. ನಷ್ಟವಾದರೆ ಹಾಕಿದ ಹಣವೂ ಕರಗಬಹುದು. ಸಾಲ ಪಡೆಯುವುದು ಎರಡನೆಯದು. ಕಂಪನಿಯು ಬ್ಯಾಂಕಿನಿಂದ ಸಾಲ ಪಡೆಯಬಹುದು, ಇಲ್ಲವೇ ಸಾಲಪತ್ರಗಳನ್ನು ಸಾರ್ವಜನಿಕರಿಗೆ ಮಾರಬಹುದು. ಸಾಲ ಕೊಟ್ಟವನು ಪಾಲುಗಾರನಲ್ಲ. ಕಂಪನಿಗೆ ಲಾಭ ಬರಲಿ, ಬಾರದಿರಲಿ, ಅವನಿಗೆ ನಿಗದಿಯಾದ ಬಡ್ಡಿ ಸಲ್ಲಬೇಕು. ಅವಧಿ ಮುಗಿದಾಗ ಅಸಲೂ ಸಲ್ಲಬೇಕು. ಆದರೆ ಕಂಪನಿ ಎಷ್ಟೇ ಏಳಿಗೆ ಹೊಂದಿದರೂ ಅವನಿಗೆ ಬಡ್ಡಿಗಿಂತ ಹೆಚ್ಚಿನದೇನೂ ದೊರೆಯದು.

ಈ ಎರಡು ದಾರಿಗಳ ನಡುವೆ ಒಂದು ಸೇತುವೆಯಂತೆ ನಿಂತಿರುವುದೇ ವಾರಂಟು. ಇದರಲ್ಲಿ ಕಂಪನಿಯು ಒಂದು ಮಾತು ಕೊಡುತ್ತದೆ: ಈ ಪತ್ರವನ್ನು ಹೊಂದಿರುವವನು ಇಂತಿಷ್ಟು ಷೇರುಗಳನ್ನು, ಇಂತಿಷ್ಟು ಬೆಲೆಗೆ, ಇಂಥ ದಿನಾಂಕದೊಳಗೆ ಕಂಪನಿಯಿಂದ ಕೊಳ್ಳಬಹುದು. ಹೀಗೆ ಷೇರುಗಳ ಸಂಖ್ಯೆ, ಬೆಲೆ, ಅವಧಿ ಈ ಮೂರೂ ಪ್ರತಿಯೊಂದು ವಾರಂಟಿನಲ್ಲಿ ಸ್ಪಷ್ಟವಾಗಿ ನಿಗದಿಯಾಗಿರುತ್ತವೆ. ಪತ್ರವನ್ನು ಹೊಂದಿದವನಿಗೆ ಹಕ್ಕುಂಟೇ ಹೊರತು ಬಾಧ್ಯತೆಯಿಲ್ಲ. ಮನಸ್ಸು ಬಂದರೆ ಹಣ ಕಟ್ಟಿ ಷೇರು ಪಡೆಯಬಹುದು, ಇಲ್ಲವಾದರೆ ಸುಮ್ಮನಿರಬಹುದು. ಬಾಧ್ಯತೆಯೆಲ್ಲ ಕಂಪನಿಯದು. ಪತ್ರದಾರನು ಅವಧಿಯೊಳಗೆ ಹಣದೊಡನೆ ಬಂದರೆ ಕಂಪನಿ ಷೇರು ಕೊಡಲೇಬೇಕು.

ಸಂಚಕಾರಕ್ಕೂ ವಾರಂಟಿಗೂ ಒಂದು ಮುಖ್ಯವಾದ ವ್ಯತ್ಯಾಸವುಂಟು. ಜಾತ್ರೆಯಲ್ಲಿ ಮಾರುವವನು ತನ್ನ ಬಳಿ ಈಗಾಗಲೇ ಇರುವ ಎತ್ತುಗಳನ್ನು ಕೊಡುತ್ತಾನೆ. ಕಂಪನಿಯಾದರೋ, ವಾರಂಟಿನ ಹಕ್ಕು ಚಲಾವಣೆಯಾದಾಗ ಹೊಸ ಷೇರುಗಳನ್ನು ಸೃಷ್ಟಿಸಿ ಕೊಡುತ್ತದೆ. ಇದರ ಪರಿಣಾಮವೇನೆಂಬುದನ್ನು ಮುಂದೆ ನೋಡುವೆವು.

ಕಂಪನಿಗಳು ವಾರಂಟನ್ನು ಹೊರಡಿಸುವ ಸಂದರ್ಭಗಳು ಹಲವು. ಸಾಲಪತ್ರದೊಡನೆ ವಾರಂಟನ್ನು ಜೋಡಿಸಿ ಕೊಡುವುದು ಒಂದು ಪ್ರಸಿದ್ಧವಾದ ಕ್ರಮ. ಸಾಲ ಕೊಡುವವನಿಗೆ ಬಡ್ಡಿಯ ಜೊತೆಗೆ, ಕಂಪನಿ ಮುಂದೆ ಏಳಿಗೆ ಹೊಂದಿದರೆ ಅದರಲ್ಲಿ ಪಾಲು ಪಡೆಯುವ ಅವಕಾಶವೂ ದೊರೆಯುತ್ತದೆ. ಈ ಆಸೆಯಿಂದ ಅವನು ಸ್ವಲ್ಪ ಕಡಿಮೆ ಬಡ್ಡಿಗೂ ಒಪ್ಪುತ್ತಾನೆ. ಕಂಪನಿಗೆ ಬಡ್ಡಿಯ ಭಾರ ಇಳಿಯುತ್ತದೆ. ಅಮೆರಿಕನ್ ಟೆಲಿಫೋನ್ ಅಂಡ್ ಟೆಲಿಗ್ರಾಫ್ ಎಂಬ ದೂರವಾಣಿ ಕಂಪನಿಯು 1970ರಲ್ಲಿ ಸುಮಾರು 157 ಕೋಟಿ ಡಾಲರುಗಳ ಸಾಲಪತ್ರಗಳನ್ನು ಹೊರಡಿಸಿದಾಗ ಅವುಗಳೊಡನೆ ವಾರಂಟುಗಳನ್ನೂ ಜೋಡಿಸಿತ್ತು. ಕಂಪನಿಯ ಷೇರನ್ನು 52 ಡಾಲರಿನಂತೆ 1975ರವರೆಗೆ ಕೊಳ್ಳುವ ಹಕ್ಕನ್ನು ಆ ವಾರಂಟುಗಳು ಕೊಟ್ಟಿದ್ದವು. ಅಲ್ಲಿಯವರೆಗೆ ವಾರಂಟುಗಳನ್ನು ಜೂಜಿನ ಪತ್ರಗಳಂತೆ ಕಂಡು ದೂರವಿಟ್ಟಿದ್ದ ನ್ಯೂಯಾರ್ಕಿನ ಷೇರುಪೇಟೆಯು ಇಂಥ ಪ್ರತಿಷ್ಠಿತ ಕಂಪನಿ ಮುಂದೆ ಬಂದಾಗ ತನ್ನ ನಿಲುವನ್ನು ಬದಲಿಸಿ, ಅದೇ ವರ್ಷ ಅವುಗಳ ವ್ಯಾಪಾರಕ್ಕೆ ಬಾಗಿಲು ತೆರೆಯಿತು.

ಆಯ್ದ ಕೆಲವು ಹೂಡಿಕೆದಾರರಿಗೆ ನೇರವಾಗಿ ವಾರಂಟು ಕೊಡುವುದು ಇನ್ನೊಂದು ಕ್ರಮ. ಭಾರತದಲ್ಲಿ ಇದು ಹೆಚ್ಚಾಗಿ ರೂಢಿಯಲ್ಲಿದೆ. ಕಂಪನಿಯನ್ನು ಕಟ್ಟಿ ನಡೆಸುವ ಪ್ರವರ್ತಕರೂ ಹೊರಗಿನ ದೊಡ್ಡ ಹೂಡಿಕೆದಾರರೂ ಈ ರೀತಿಯ ವಾರಂಟುಗಳನ್ನು ಪಡೆಯುತ್ತಾರೆ. ಮೊದಲು ಕಂಪನಿಯ ನಿರ್ದೇಶಕ ಮಂಡಲಿ ಸಭೆ ಸೇರಿ ಪ್ರಸ್ತಾಪವನ್ನು ಒಪ್ಪಬೇಕು. ಅನಂತರ ಷೇರುದಾರರ ಮುಂದೆ ಅದನ್ನು ವಿಶೇಷ ನಿರ್ಣಯವಾಗಿ ಇಡಬೇಕು. ವಿರುದ್ಧವಾಗಿ ಬಿದ್ದ ಮತಗಳ ಮೂರರಷ್ಟಾದರೂ ಮತಗಳು ಪರವಾಗಿ ಬಿದ್ದರೆ ಮಾತ್ರ ಇಂಥ ನಿರ್ಣಯ ಅಂಗೀಕೃತವಾಗುತ್ತದೆ. ಷೇರುಪೇಟೆಯ ವ್ಯವಹಾರಗಳನ್ನು ನಿಯಂತ್ರಿಸುವ ಸೆಬಿ ಎಂಬ ಸಂಸ್ಥೆಯು ಷೇರಿನ ಬೆಲೆ ಎಷ್ಟಕ್ಕಿಂತ ಕಡಿಮೆಯಿರಬಾರದೆಂಬುದಕ್ಕೆ ನಿಯಮವನ್ನು ವಿಧಿಸಿದೆ. ಪೇಟೆಯಲ್ಲಿ ಆ ಷೇರು ಹಿಂದಿನ ದಿನಗಳಲ್ಲಿ ಮಾರಾಟವಾದ ಸರಾಸರಿ ಬೆಲೆಯೇ ಈ ಲೆಕ್ಕಕ್ಕೆ ಮುಖ್ಯ ಆಧಾರ. ವಾರಂಟು ಪಡೆಯುವವನು ಷೇರಿನ ಬೆಲೆಯಲ್ಲಿ ಕನಿಷ್ಠ ಶೇಕಡಾ 25ರಷ್ಟನ್ನು ಆರಂಭದಲ್ಲಿಯೇ ಕಟ್ಟಬೇಕು. ಉಳಿದ ಹಣವನ್ನು ಹದಿನೆಂಟು ತಿಂಗಳೊಳಗೆ ಕಟ್ಟಿ ಷೇರುಗಳನ್ನು ಪಡೆಯಬೇಕು. ಅವಧಿ ಮೀರಿದರೆ ಮೊದಲು ಕಟ್ಟಿದ ಹಣ ಕಂಪನಿಗೇ ಸೇರಿಹೋಗುತ್ತದೆ. ಇದು ಜಾತ್ರೆಯ ಸಂಚಕಾರದ ನ್ಯಾಯವೇ ಅಲ್ಲವೆ?

ಈ ಮುಂಗಡ ಹಿಂದೆ ಶೇಕಡಾ 10 ಮಾತ್ರ ಇತ್ತು. 2008ರಲ್ಲಿ ಜಗತ್ತಿನ ಷೇರುಪೇಟೆಗಳೆಲ್ಲ ಕುಸಿದಾಗ ನಮ್ಮ ದೇಶದಲ್ಲಿಯೂ ಷೇರುಗಳ ಬೆಲೆ ತೀವ್ರವಾಗಿ ಇಳಿಯಿತು. ಹೆಚ್ಚಿನ ಬೆಲೆಗೆ ವಾರಂಟು ಪಡೆದಿದ್ದ ಹಲವು ಪ್ರವರ್ತಕರು ಉಳಿದ ಹಣವನ್ನು ಕಟ್ಟದೆ ಮುಂಗಡವನ್ನೇ ಬಿಟ್ಟುಕೊಟ್ಟರು. ಪೇಟೆಯಲ್ಲಿ ಕಡಿಮೆ ಬೆಲೆಗೆ ದೊರೆಯುವ ಷೇರಿಗೆ ಹೆಚ್ಚಿನ ಬೆಲೆಯನ್ನು ತೆರುವವರಾರು? ಆದರೆ ಆ ಹಣ ಬಂದೇ ಬರುವುದೆಂದು ನಂಬಿದ್ದ ಕಂಪನಿಗಳ ಯೋಜನೆಗಳಿಗೆ ಇದರಿಂದ ಅಡ್ಡಿಯಾಯಿತು. 2009ರಲ್ಲಿ ಸೆಬಿಯು ಮುಂಗಡವನ್ನು ಶೇಕಡಾ 25ಕ್ಕೆ ಏರಿಸಿತು. ಸಂಚಕಾರ ಅಲ್ಪವಾದರೆ ಮಾತೂ ಹಗುರವಾಗುತ್ತದೆ ಎಂಬ ಪಾಠವನ್ನು ಈ ಘಟನೆ ಕಲಿಸಿತು.

ವಾರಂಟಿನ ಬೆಲೆ ಹೇಗೆ ಏರಿಳಿಯುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ. ಒಂದು ಕಂಪನಿಯ ಷೇರು ಪೇಟೆಯಲ್ಲಿ 80 ರೂಪಾಯಿಗೆ ಮಾರಾಟವಾಗುತ್ತಿದೆ ಎಂದು ಭಾವಿಸೋಣ. ಮುಂದಿನ ಐದು ವರ್ಷಗಳೊಳಗೆ ಆ ಷೇರನ್ನು 100 ರೂಪಾಯಿಗೆ ಕೊಳ್ಳುವ ಹಕ್ಕನ್ನು ಕೊಡುವ ವಾರಂಟನ್ನು ಕಂಪನಿಯು 5 ರೂಪಾಯಿಗೆ ಮಾರುತ್ತದೆ. ಇಂದು 80 ರೂಪಾಯಿಗೆ ದೊರೆಯುವುದನ್ನು 100 ರೂಪಾಯಿಗೆ ಕೊಳ್ಳುವ ಹಕ್ಕಿನಿಂದ ಏನು ಪ್ರಯೋಜನವೆಂದು ನೀವು ಕೇಳಬಹುದು. ಇಂದು ಪ್ರಯೋಜನವಿಲ್ಲವೆಂಬುದು ನಿಜ. ಆದರೆ ಐದು ವರ್ಷಗಳೆಂದರೆ ಅಲ್ಪಕಾಲವಲ್ಲ. ಅಷ್ಟರಲ್ಲಿ ಷೇರಿನ ಬೆಲೆ 150 ರೂಪಾಯಿಗೆ ಏರಿದರೆ, ವಾರಂಟುದಾರನು 100 ರೂಪಾಯಿ ಕಟ್ಟಿ 150 ರೂಪಾಯಿ ಬಾಳುವ ಷೇರನ್ನು ಪಡೆಯುತ್ತಾನೆ. ಮೊದಲು ಕೊಟ್ಟ 5 ರೂಪಾಯಿಯನ್ನು ಕಳೆದರೂ ಅವನಿಗೆ 45 ರೂಪಾಯಿ ಲಾಭ. ಬೆಲೆ 70 ರೂಪಾಯಿಗೆ ಇಳಿದರೆ ಅವನು ಹಕ್ಕನ್ನು ಚಲಾಯಿಸುವುದಿಲ್ಲ. ಅವನ ನಷ್ಟ 5 ರೂಪಾಯಿ ಮಾತ್ರ. ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ವಾರಂಟಿನ ಬೆಲೆ ಇಂದಿನ ಷೇರಿನ ಬೆಲೆಯನ್ನು ಮಾತ್ರ ಅವಲಂಬಿಸಿಲ್ಲ. ಉಳಿದಿರುವ ಕಾಲಕ್ಕೂ ಒಂದು ಬೆಲೆಯುಂಟು. ಅವಧಿ ದೀರ್ಘವಾದಷ್ಟೂ ಆಸೆಗೆ ಅವಕಾಶ ಹೆಚ್ಚು.

ಆದರೆ ಇಲ್ಲಿ ಎಚ್ಚರಿಕೆಯೂ ಅಗತ್ಯ. 80 ರೂಪಾಯಿಗೆ ಷೇರನ್ನೇ ಕೊಂಡವನು, ಬೆಲೆ 70 ರೂಪಾಯಿಗೆ ಇಳಿದಾಗ ಹಾಕಿದ ಹಣದಲ್ಲಿ ಎಂಟನೆಯ ಒಂದು ಭಾಗವನ್ನು ಮಾತ್ರ ಕಳೆದುಕೊಂಡಿರುತ್ತಾನೆ. ಮಿಕ್ಕದ್ದು ಅವನ ಕೈಯಲ್ಲಿದೆ. ಅದೇ 80 ರೂಪಾಯಿಗೆ ಹದಿನಾರು ವಾರಂಟುಗಳನ್ನು ಕೊಂಡವನಾದರೋ, ಷೇರಿನ ಬೆಲೆ ಅವಧಿ ಮುಗಿಯುವವರೆಗೂ 100 ರೂಪಾಯಿಯನ್ನು ಮೀರದಿದ್ದರೆ ಒಂದು ಕಾಸೂ ಉಳಿಯದಂತೆ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಅವಧಿ ಮುಗಿದ ವಾರಂಟು ಬರಿಯ ಕಾಗದ. ಷೇರಿಗೆ ಇಲ್ಲದ ಈ ಮರಣದ ದಿನ ವಾರಂಟಿಗೆ ಹುಟ್ಟಿನಲ್ಲಿಯೇ ಬರೆದಿರುತ್ತದೆ.

ಇನ್ನು, ಹೊಸ ಷೇರುಗಳ ಸೃಷ್ಟಿಯಿಂದ ಆಗುವ ಪರಿಣಾಮವನ್ನು ನೋಡೋಣ. ಕಂಪನಿಯೊಂದರಲ್ಲಿ ಒಂದು ಲಕ್ಷ ಷೇರುಗಳಿವೆ; ವರ್ಷದ ಲಾಭ 10 ಲಕ್ಷ ರೂಪಾಯಿ. ಪ್ರತಿ ಷೇರಿನ ಪಾಲಿಗೆ 10 ರೂಪಾಯಿ ಬಂದಂತಾಯಿತು. ಈಗ 25,000 ವಾರಂಟುಗಳ ಹಕ್ಕು ಚಲಾವಣೆಯಾಗಿ ಅಷ್ಟು ಹೊಸ ಷೇರುಗಳು ಹುಟ್ಟಿದರೆ, ಅದೇ ಲಾಭವನ್ನು ಒಂದು ಲಕ್ಷದ ಇಪ್ಪತ್ತೈದು ಸಾವಿರ ಷೇರುಗಳು ಹಂಚಿಕೊಳ್ಳಬೇಕು. ಪ್ರತಿ ಷೇರಿನ ಪಾಲು 8 ರೂಪಾಯಿಗೆ ಇಳಿಯುತ್ತದೆ. ಊಟಕ್ಕೆ ಕುಳಿತವರ ಪಂಕ್ತಿ ಬೆಳೆದರೆ ಪ್ರತಿಯೊಬ್ಬರ ಎಲೆಗೆ ಬೀಳುವ ಪಾಯಸ ಕಡಿಮೆಯಾಗುವಂತೆ ಇದು. ಹೊಸ ಷೇರುಗಳಿಂದ ಬಂದ ಹಣದಿಂದ ಕಂಪನಿ ಹೆಚ್ಚು ಲಾಭ ಗಳಿಸಿದರೆ ಈ ಕೊರತೆ ತುಂಬಬಹುದು. ಗಳಿಸದಿದ್ದರೆ ಹಳೆಯ ಷೇರುದಾರರಿಗೆ ನಷ್ಟವೇ ಸರಿ. ಹೀಗೆ, ಕಂಪನಿಯು ಯಾರಿಗಾದರೂ ವಾರಂಟು ಕೊಟ್ಟಾಗ ಅದರ ಬೆಲೆಯನ್ನು ಕೊನೆಯಲ್ಲಿ ತೆರುವವರು ಹಳೆಯ ಷೇರುದಾರರು. ಅವರ ಒಪ್ಪಿಗೆಯಿಲ್ಲದೆ ವಾರಂಟು ಹೊರಡಿಸಬಾರದೆಂಬ ನಿಯಮದ ಅರ್ಥ ಈಗ ತಿಳಿಯಿತಷ್ಟೆ.

ಹಾಗಾದರೆ ಹಳೆಯ ಷೇರುದಾರರು ಇಂಥ ಭಾರವನ್ನು ಏಕೆ ಒಪ್ಪಬೇಕು? ಈ ಪ್ರಶ್ನೆಗೆ ಉತ್ತರವನ್ನು ಅಮೆರಿಕದ ಒಂದು ಮೋಟಾರು ಕಂಪನಿಯ ಕಥೆಯಲ್ಲಿ ಕಾಣಬಹುದು.

ಕ್ರೈಸ್ಲರ್ ಕಂಪನಿ 1925ರಲ್ಲಿ ಸ್ಥಾಪಿತವಾಯಿತು. ಜನರಲ್ ಮೋಟಾರ್ಸ್, ಫೋರ್ಡ್ ಕಂಪನಿಗಳನ್ನು ಬಿಟ್ಟರೆ ಅಮೆರಿಕದ ಮೋಟಾರು ತಯಾರಕರಲ್ಲಿ ಅದು ಮೂರನೆಯ ಸ್ಥಾನದಲ್ಲಿತ್ತು. ಅದರ ಕಾರುಗಳು ದೊಡ್ಡವು, ಭಾರವಾದವು, ಪೆಟ್ರೋಲನ್ನು ಧಾರಾಳವಾಗಿ ಕುಡಿಯುವಂಥವು. 1979ರಲ್ಲಿ ಇರಾನಿನ ಕ್ರಾಂತಿಯ ಪರಿಣಾಮವಾಗಿ ತೈಲದ ಬೆಲೆ ಏರಿತು. ಜನರು ಚಿಕ್ಕ ಕಾರುಗಳನ್ನು ಹುಡುಕಿಕೊಂಡು ಹೋದರು. ಕ್ರೈಸ್ಲರಿನ ಕಾರುಗಳು ಕೊಳ್ಳುವವರಿಲ್ಲದೆ ಬಯಲಿನಲ್ಲಿ ಸಾಲುಗಟ್ಟಿ ನಿಂತವು. ಆ ಒಂದೇ ವರ್ಷ ಕಂಪನಿಗೆ ಸುಮಾರು 110 ಕೋಟಿ ಡಾಲರುಗಳ ನಷ್ಟವಾಯಿತು. ಒಂದು ಲಕ್ಷಕ್ಕೂ ಹೆಚ್ಚು ಕಾರ್ಮಿಕರ ಜೀವನ ಆ ಕಂಪನಿಯನ್ನು ನೆಚ್ಚಿಕೊಂಡಿತ್ತು. ಬಿಡಿಭಾಗಗಳನ್ನು ಒದಗಿಸುವವರು, ಕಾರು ಮಾರುವ ವ್ಯಾಪಾರಿಗಳು, ಕಾರ್ಖಾನೆಗಳಿದ್ದ ಊರುಗಳು ಎಲ್ಲರಿಗೂ ಆಪತ್ತು ಒದಗಿತು. ಯಾವ ಬ್ಯಾಂಕೂ ಹೊಸ ಸಾಲ ಕೊಡಲು ಮುಂದೆ ಬರಲಿಲ್ಲ.

ಫೋರ್ಡ್ ಕಂಪನಿಯಿಂದ ಹೊರಬಂದು 1978ರ ಕೊನೆಯಲ್ಲಿ ಕ್ರೈಸ್ಲರನ್ನು ಸೇರಿದ್ದ ಲೀ ಅಯಕೋಕ ಎಂಬಾತ ಆಗ ಅದರ ಮುಖ್ಯಸ್ಥನಾಗಿದ್ದ. ಆತ ಸರ್ಕಾರದ ಬಾಗಿಲು ತಟ್ಟಿದ. ಖಾಸಗಿ ಕಂಪನಿಯ ತಪ್ಪಿಗೆ ಪ್ರಜೆಗಳ ಹಣವನ್ನು ಒತ್ತೆಯಿಡುವುದು ನ್ಯಾಯವೆ ಎಂದು ಅಮೆರಿಕದ ಶಾಸನಸಭೆಯಲ್ಲಿ ದೀರ್ಘವಾದ ಚರ್ಚೆ ನಡೆಯಿತು. ಕೊನೆಗೆ ಸಾಲದ ಖಾತರಿಯ ಕಾನೂನು ಅಂಗೀಕೃತವಾಯಿತು. 1980ರ ಜನವರಿ 7ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಅದಕ್ಕೆ ಸಹಿ ಹಾಕಿದರು. ಸರ್ಕಾರ ತಾನೇ ಹಣ ಕೊಡಲಿಲ್ಲ. ಕಂಪನಿಯು ಹೊರಗಿನಿಂದ ಪಡೆಯುವ ಸಾಲಕ್ಕೆ 150 ಕೋಟಿ ಡಾಲರುಗಳವರೆಗೆ ತಾನು ಜಾಮೀನು ನಿಲ್ಲುವುದಾಗಿ ಒಪ್ಪಿತು. ಕಂಪನಿ ಸಾಲವನ್ನು ತೀರಿಸದಿದ್ದರೆ ಪ್ರಜೆಗಳ ತೆರಿಗೆಯ ಹಣದಿಂದ ಅದನ್ನು ತೀರಿಸಬೇಕಾಗಿತ್ತು.

ಈ ಜಾಮೀನಿಗೆ ಷರತ್ತುಗಳಿದ್ದವು. ಕಂಪನಿಗೆ ಸಂಬಂಧಪಟ್ಟವರೆಲ್ಲ ಸೇರಿ ಸುಮಾರು 200 ಕೋಟಿ ಡಾಲರುಗಳಷ್ಟು ನೆರವನ್ನೂ ರಿಯಾಯಿತಿಯನ್ನೂ ಒದಗಿಸಬೇಕಾಗಿತ್ತು. ಕಾರ್ಮಿಕರು ತಮಗೆ ಬರಬೇಕಾಗಿದ್ದ ಕೂಲಿಯ ಏರಿಕೆಯನ್ನು ಬಿಟ್ಟುಕೊಟ್ಟರು. ಬ್ಯಾಂಕುಗಳು ಹಳೆಯ ಸಾಲದಲ್ಲಿ ರಿಯಾಯಿತಿ ತೋರಿದವು. ಅಯಕೋಕ ತನ್ನ ವಾರ್ಷಿಕ ಸಂಬಳವನ್ನು ಒಂದು ಡಾಲರಿಗೆ ಇಳಿಸಿಕೊಂಡ. ಕಾರ್ಮಿಕ ಸಂಘದ ಅಧ್ಯಕ್ಷ ಡಗ್ಲಸ್ ಫ್ರೇಸರ್ 1980ರಲ್ಲಿ ಕಂಪನಿಯ ನಿರ್ದೇಶಕ ಮಂಡಲಿಯಲ್ಲಿ ಸ್ಥಾನ ಪಡೆದ. ಇವುಗಳ ಜೊತೆಗೆ ಇನ್ನೊಂದು ಷರತ್ತೂ ಇತ್ತು. ಜಾಮೀನು ನಿಂತದ್ದಕ್ಕೆ ಪ್ರತಿಯಾಗಿ ಕಂಪನಿಯು ಸರ್ಕಾರಕ್ಕೆ 1 ಕೋಟಿ 44 ಲಕ್ಷ ವಾರಂಟುಗಳನ್ನು ಕೊಟ್ಟಿತು. ಪ್ರತಿಯೊಂದು ವಾರಂಟೂ ಕ್ರೈಸ್ಲರಿನ ಒಂದು ಷೇರನ್ನು 13 ಡಾಲರಿಗೆ, 1990ರವರೆಗೆ, ಕೊಳ್ಳುವ ಹಕ್ಕನ್ನು ಕೊಡುವಂಥದು.

ಆಗ ಕ್ರೈಸ್ಲರಿನ ಷೇರಿನ ಬೆಲೆ 13 ಡಾಲರಿಗಿಂತ ಬಹಳ ಕೆಳಗಿತ್ತು. 1980ರಲ್ಲಿ ಕಂಪನಿಯ ನಷ್ಟ ಸುಮಾರು 170 ಕೋಟಿ ಡಾಲರುಗಳಿಗೆ ಏರಿತು. ಅಂಥ ಕಂಪನಿಯ ಷೇರನ್ನು 13 ಡಾಲರಿಗೆ ಕೊಳ್ಳುವ ಹಕ್ಕು ಎಂಬುದು ಅಂದಿನ ಕಣ್ಣಿಗೆ ಬರಡು ಹಸುವಿನ ಹಾಲಿನ ಲೆಕ್ಕದಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಆದುದರಿಂದಲೇ ಅದನ್ನು ಕೊಡುವುದು ಕಂಪನಿಗೂ ಅಂದು ಭಾರವೆನಿಸಲಿಲ್ಲ. ಕೈಯಲ್ಲಿ ನಗದಿಲ್ಲದವನು ನಾಳೆಯ ಬೆಳೆಯಲ್ಲಿ ಪಾಲು ಬರೆದುಕೊಡುವಂತೆ, ಅದು ತನ್ನ ಭವಿಷ್ಯದ ಒಂದು ಪಾಲನ್ನು ಬರೆದುಕೊಟ್ಟಿತು.

ಮುಂದಿನ ಮೂರು ವರ್ಷಗಳು ಕಠಿಣವಾಗಿದ್ದವು. ಕಾರ್ಖಾನೆಗಳು ಮುಚ್ಚಿದವು, ಹತ್ತಾರು ಸಾವಿರ ಕಾರ್ಮಿಕರು ಕೆಲಸ ಕಳೆದುಕೊಂಡರು. ಆದರೆ 1980ರ ಕೊನೆಯ ವೇಳೆಗೆ ಪೇಟೆಗೆ ಬಂದ ಕಂಪನಿಯ ಚಿಕ್ಕ ಕಾರುಗಳು ಜನರಿಗೆ ಮೆಚ್ಚಿಗೆಯಾದವು. ಜಾಮೀನಿನ ಆಧಾರದ ಮೇಲೆ ಕಂಪನಿ ಪಡೆದ ಸಾಲ 120 ಕೋಟಿ ಡಾಲರುಗಳು. 1982ರಲ್ಲಿ ಕಂಪನಿ ಮತ್ತೆ ಲಾಭದ ಮುಖ ಕಂಡಿತು. 1983ರಲ್ಲಿ, ಅವಧಿಗೆ ಏಳು ವರ್ಷ ಮೊದಲೇ, ಸಾಲವನ್ನೆಲ್ಲ ತೀರಿಸಿಬಿಟ್ಟಿತು. ಷೇರಿನ ಬೆಲೆ 30 ಡಾಲರಿನ ಆಸುಪಾಸಿಗೆ ಏರಿತು. ಬರಡೆಂದು ತೋರಿದ್ದ ವಾರಂಟುಗಳು ಈಗ ಹಾಲು ಕರೆಯತೊಡಗಿದವು.

ಆಗ ಒಂದು ವಿವಾದ ಹುಟ್ಟಿತು. ಸಾಲ ಪೂರ್ತಿಯಾಗಿ ತೀರಿದ ಮೇಲೆ ಸರ್ಕಾರ ವಾರಂಟುಗಳನ್ನು ಕಂಪನಿಗೆ ಹಿಂದಿರುಗಿಸಬೇಕೆಂದು ಅಯಕೋಕ ಕೇಳಿಕೊಂಡ. ಸರ್ಕಾರ ತನ್ನ ಬೊಕ್ಕಸದಿಂದ ಒಂದು ಕಾಸನ್ನೂ ಸಾಲವಾಗಿ ಕೊಟ್ಟಿರಲಿಲ್ಲ. ಜಾಮೀನಿಗಾಗಿ ಶುಲ್ಕವನ್ನೂ ಪಡೆದಿತ್ತು. ಕಷ್ಟದಲ್ಲಿದ್ದವನಿಗೆ ಕೈಕೊಟ್ಟು ಅನಂತರ ಅವನ ಗಳಿಕೆಯಲ್ಲಿ ಪಾಲು ಕೇಳುವುದು ತರವೆ ಎಂಬುದು ಕಂಪನಿಯ ಪಕ್ಷದ ವಾದ. ಸರ್ಕಾರದ ಪಕ್ಷದ ವಾದವೂ ಬಲವಾಗಿಯೇ ಇತ್ತು. ಕಂಪನಿ ಮುಳುಗಿದ್ದರೆ ನಷ್ಟವನ್ನು ಪ್ರಜೆಗಳು ಹೊರಬೇಕಾಗಿತ್ತು. ನಷ್ಟದ ಅಪಾಯವನ್ನು ಹೊತ್ತವರಿಗೆ ಲಾಭದಲ್ಲಿ ಪಾಲಿಲ್ಲವೆಂಬುದು ಯಾವ ನ್ಯಾಯ? ಒಪ್ಪಂದವನ್ನು ಎರಡೂ ಪಕ್ಷಗಳು ತಿಳಿದೇ ಮಾಡಿಕೊಂಡಿದ್ದವು. ಸರ್ಕಾರ ಮಣಿಯಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ವಾರಂಟುಗಳನ್ನು ಹರಾಜಿಗೆ ಇಟ್ಟಿತು.

ಆ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆ ಕೂಗಿದವರು ಯಾರು ಗೊತ್ತೆ? ಸ್ವತಃ ಕ್ರೈಸ್ಲರ್ ಕಂಪನಿಯೇ. ಪ್ರತಿ ವಾರಂಟಿಗೆ 21 ಡಾಲರಿಗೂ ಮಿಗಿಲಾದ ಬೆಲೆಯಂತೆ, ಒಟ್ಟು 31 ಕೋಟಿ 11 ಲಕ್ಷ ಡಾಲರುಗಳನ್ನು ತೆತ್ತು ಅದು ತನ್ನ ಹಕ್ಕುಪತ್ರಗಳನ್ನು ತಾನೇ ಕೊಂಡುಕೊಂಡಿತು. ಈ ಪತ್ರಗಳು ಬೇರೆಯವರ ಕೈಸೇರಿದ್ದರೆ, 30 ಡಾಲರ್ ಬಾಳುವ 1 ಕೋಟಿ 44 ಲಕ್ಷ ಹೊಸ ಷೇರುಗಳನ್ನು ಅದು 13 ಡಾಲರಿನಂತೆ ಕೊಡಬೇಕಾಗುತ್ತಿತ್ತು. ಪಂಕ್ತಿ ಬೆಳೆದು ಹಳೆಯ ಷೇರುದಾರರ ಎಲೆಯ ಪಾಯಸ ಕಡಿಮೆಯಾಗುತ್ತಿತ್ತು. ಅದನ್ನು ತಪ್ಪಿಸಲು ಕಂಪನಿ ಈ ಬೆಲೆಯನ್ನು ತೆತ್ತಿತು. ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವುಂಟು. 30ರಲ್ಲಿ 13ನ್ನು ಕಳೆದರೆ ಉಳಿಯುವುದು 17 ಮಾತ್ರ. ಹಾಗಿದ್ದರೂ ವಾರಂಟು 21 ಡಾಲರಿಗೂ ಹೆಚ್ಚಿಗೆ ಹೋದದ್ದೇಕೆ? 1990ರವರೆಗೆ ಇನ್ನೂ ಏಳು ವರ್ಷಗಳಿದ್ದವು. ಉಳಿದಿರುವ ಕಾಲಕ್ಕೂ ಬೆಲೆಯುಂಟೆಂದು ನಾವು ಹಿಂದೆ ಕಂಡ ಸಂಗತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು.

ಹಳೆಯ ಷೇರುದಾರರು ವಾರಂಟಿನ ಭಾರವನ್ನು ಏಕೆ ಒಪ್ಪಬೇಕೆಂಬ ಪ್ರಶ್ನೆಗೆ ಈಗ ಉತ್ತರ ದೊರೆಯಿತು. 1980ರಲ್ಲಿ ಆ ಜಾಮೀನು ದೊರೆಯದಿದ್ದರೆ ಅವರ ಷೇರುಗಳೇ ಬರಿಯ ಕಾಗದವಾಗುವ ಸಂಭವವಿತ್ತು. ಪೂರ್ತಿ ಕಳೆದುಕೊಳ್ಳುವುದಕ್ಕಿಂತ, ಉಳಿದರೆ ಒಂದು ಪಾಲನ್ನು ಕೊಡುವುದು ಲೇಸು. ಕಂಪನಿ ಏಳಿಗೆ ಹೊಂದಿದರೆ ಮಾತ್ರ ವಾರಂಟಿಗೆ ಬೆಲೆ ಬರುತ್ತದೆ. ಹೊಂದದಿದ್ದರೆ ಕೊಡಬೇಕಾದದ್ದೇನೂ ಇಲ್ಲ. ಕಷ್ಟದಲ್ಲಿರುವವನಿಂದ ಇಂದೇ ಕೀಳದೆ, ಅವನು ಚೇತರಿಸಿಕೊಂಡ ಮೇಲೆ ಪಡೆಯುವುದು ಈ ವ್ಯವಸ್ಥೆಯ ವಿಶೇಷ ಗುಣ.

ಈ ಕ್ರಮವನ್ನು ಅಮೆರಿಕ ಮುಂದೆಯೂ ಬಳಸಿತು. 2008ರಲ್ಲಿ ಅಲ್ಲಿಯ ದೊಡ್ಡ ಬ್ಯಾಂಕುಗಳು ಸಂಕಟಕ್ಕೆ ಸಿಕ್ಕಿದಾಗ, ಅವುಗಳಿಗೆ ಸಾರ್ವಜನಿಕ ಹಣವನ್ನು ಒದಗಿಸುವಾಗ ಸರ್ಕಾರ ವಾರಂಟುಗಳನ್ನು ಪಡೆಯಬೇಕೆಂದು ಕಾನೂನಿನಲ್ಲಿಯೇ ವಿಧಿಸಲಾಯಿತು. ಗೋಲ್ಡ್‌ಮನ್ ಸ್ಯಾಕ್ಸ್ ಎಂಬ ಹಣಕಾಸು ಸಂಸ್ಥೆ ತಾನು ಕೊಟ್ಟಿದ್ದ ವಾರಂಟುಗಳನ್ನು ಮರಳಿ ಪಡೆಯಲು 2009ರಲ್ಲಿ 110 ಕೋಟಿ ಡಾಲರುಗಳನ್ನು ತೆತ್ತಿತು. ಆದರೆ ಎಲ್ಲ ಕಥೆಗಳೂ ಹೀಗೆ ಸುಖಾಂತವಾಗುವುದಿಲ್ಲ. ಒಮ್ಮೆ ಉಳಿದುಕೊಂಡ ಕ್ರೈಸ್ಲರ್ ಕಂಪನಿಯೇ 2009ರಲ್ಲಿ ದಿವಾಳಿಯೆದ್ದು ನ್ಯಾಯಾಲಯದ ಮೊರೆ ಹೋಗಬೇಕಾಯಿತು. ಅಂದು ಅದರ ಷೇರಿನ ಹಕ್ಕುಪತ್ರ ಯಾರ ಕೈಯಲ್ಲಿದ್ದರೂ ಅದಕ್ಕೆ ಬೆಲೆ ಬರುತ್ತಿರಲಿಲ್ಲ. ವಾರಂಟು ಲಾಭದ ಭರವಸೆಯಲ್ಲ. ಲಾಭ ಬಂದರೆ ಪಾಲು ದೊರೆಯುವುದೆಂಬ ಭರವಸೆ ಮಾತ್ರ.

ಕಂಪನಿಗಳ ವ್ಯವಹಾರ ನಮಗೆ ದೂರದ್ದೆಂದು ತೋರಬಹುದು. ಆದರೆ ನಮ್ಮ ಹಿರಿಯರು ಜೋಪಾನವಾಗಿ ಕೂಡಿಟ್ಟ ಹಣ ವಿಮೆಯ ಮೂಲಕವೋ ಭವಿಷ್ಯನಿಧಿಯ ಮೂಲಕವೋ ಇಂಥ ಕಂಪನಿಗಳ ಷೇರುಗಳನ್ನು ಸೇರುತ್ತದೆ. ಒಂದು ಕಂಪನಿ ಯಾರಿಗೋ ವಾರಂಟು ಕೊಟ್ಟಿತೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ನಾವು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಯಾರಿಗೆ ಕೊಟ್ಟರು? ಯಾವ ಬೆಲೆಗೆ, ಎಷ್ಟು ಕಾಲಕ್ಕೆ ಕೊಟ್ಟರು? ಅದಕ್ಕೆ ಪ್ರತಿಯಾಗಿ ಪಡೆದವರು ಯಾವ ಅಪಾಯವನ್ನು ಹೊತ್ತರು? ಅಪಾಯವನ್ನು ಹೊತ್ತವನಿಗೆ ಫಲದಲ್ಲಿ ಪಾಲು ಸಂದರೆ ಅದು ನ್ಯಾಯವಾದ ವ್ಯವಹಾರ. ಏನನ್ನೂ ಹೊರದವನಿಗೆ ಅಗ್ಗದ ಹಕ್ಕು ಸಂದರೆ ಅದು ಉಳಿದವರ ಎಲೆಯಿಂದ ತೆಗೆದ ತುತ್ತು. ಈ ವಿವೇಚನೆಯಿರುವ ಷೇರುದಾರರೂ ಪ್ರಜೆಗಳೂ ಹೆಚ್ಚಿದಷ್ಟೂ, ಕಾಗದದ ಮೇಲೆ ಬರೆದುಕೊಟ್ಟ ಮಾತಿಗೆ ಜಾತ್ರೆಯಲ್ಲಿ ಕೈಗೆ ಕೈ ತಟ್ಟಿ ಕೊಟ್ಟ ಮಾತಿನಷ್ಟೇ ಗೌರವ ಬರುತ್ತದೆ.